ಬುಕ್ಕಾಂಬುಧಿ ಎರಡು, ನೂರು ಪರ್ಸೆಂಟ್

ವಿಶ್ವಾರಾಧ್ಯ ಬೆಳಿಗ್ಗೆಯಿಂದ ಆ ಕಾಗದಾನ ನಾಲ್ಕು ಸಲ ಮಡಚಿದ, ನಾಲ್ಕು ಸಲ ಬಿಚ್ಚಿದ. ಕಡೂರು ಬಸ್ ಸ್ಟ್ಯಾಂಡಲ್ಲಿ ಅಜ್ಜಂಪುರದ ಬಸ್ ಹತ್ತಿ ಕಿಟಕಿ ಪಕ್ಕ ಕೂತಮೇಲೂ ಅದೇ ಕೆಲಸ. ಟಿಕೆಟ್ಟೂ ಕಾಗದಾನೂ ಒಂದೇ ಜೇಬಿಗೆ ಹಾಕಿದ, ಟಿಕೆಟ್ ತೆಗೆಯೋವಾಗ ಕಾಗದ ಬಿದ್ದುಹೋದ್ರೆ ಅಂತ ಬೇರೆ ಮಾಡಿದ, ಬಿದ್ದುಹೋದ್ರೆ ಒಳ್ಳೇದೇ ಅಲ್ವಾ ಅಂತ ಮತ್ತೆ ಒಂದೇ ಜೇಬಿಗೆ ತುರುಕಿದ. ಐವತ್ತೇಳು ವರ್ಷದ ಮನುಷ್ಯ, ಹಣೇಲಿ ಮೂರು ಬೆರಳಿನ ವಿಭೂತಿ, ಇಸ್ತ್ರಿ ಮಾಡಿದ ಅಂಗಿ. ನೋಡಿದವರು ಮದುವೆಗೆ ಹೊರಟವನು ಅಂದ್ಕೋಬೇಕು.

ಕಾಗದದಲ್ಲಿ ಓದೋ ಅಂಥದ್ದು ಒಂದೇ ಸಾಲು. ಬುಕ್ಕಾಂಬುಧಿ ಎರಡು, ಶನಿವಾರ ಸಂಜೆ ಆರರಿಂದ ಭಾನುವಾರ ಬೆಳಿಗ್ಗೆ ಆರರ ತನಕ, ನೂರು ಪರ್ಸೆಂಟ್. ಪಕ್ಕದಲ್ಲಿ ಒಂದು ಪಟ್ಟೆ, ಕಂಪ್ಯೂಟರಲ್ಲಿ ಹಸಿರು, ಪ್ರಿಂಟರಲ್ಲಿ ಬಣ್ಣ ಮುಗಿದಿದ್ದಕ್ಕೆ ಕಾಗದದ ಮೇಲೆ ಬೂದಿ. ಕೆಳಗೆ ಇವನ ಸೈನು. ಹನ್ನೊಂದು ಗಂಟೆಗೆ ಆ ಊರಿನ ಡೈರಿ ಮುಂದೆ ಸಭೆ ಸೇರುತ್ತೆ, ಇವನು ಎದ್ದು ನಿಂತು ಇದನ್ನ ಓದಬೇಕು, ಓದಿದ್ರೆ ಡೈರಿ ಸೆಕ್ರೆಟ್ರಿ ಶಂಕರಮ್ಮನ ಕೆಲಸ ಹೋಗುತ್ತೆ. ಹದಿನಾಲ್ಕು ವರ್ಷದ ಕೆಲಸ. ಕೆಲಸ ಹೋಗಲಿ, ಊರ ಮುಂದೆ ಗಲೀಜು ಹೆಂಗಸು ಅನ್ನಿಸ್ಕೋತಾಳೆ, ಟ್ಯಾಂಕ್ ತೊಳೀದೆ ಊರಿನ ಹಾಲು ಕೆಡಿಸಿದವಳು ಅಂತ. ಅವಳನ್ನ ಬಿಟ್ರೆ ಅದು ಸುಳ್ಳು ಅಂತ ಗೊತ್ತಿರೋ ಒಬ್ಬನೇ ಮನುಷ್ಯ ಈ ಬಸ್ಸಲ್ಲಿ ಕೂತಿದ್ದಾನೆ. ಕಾಗದ ಸುಳ್ಳಾಗಿದ್ರೆ ಹರಿದು ಎಸೀಬಹುದಿತ್ತು. ಕಾಗದ ನಿಜ. ಅದೇ ತೊಂದರೆ.

ಇವನ ಕೆಲಸ ಏನು ಅಂತ ಹೆಂಡ್ತಿ ವಿಮಲಮ್ಮಂಗೂ ಸರಿಯಾಗಿ ಗೊತ್ತಿಲ್ಲ. ಯಾರಾದ್ರೂ ಕೇಳಿದ್ರೆ "ಕಂಪ್ಯೂಟರ್ ನೋಡ್ಕೋತಾರೆ" ಅಂತಾಳೆ, ದನ ನೋಡ್ಕೋತಾರೆ ಅನ್ನೋ ಹಾಗೆ. ತಪ್ಪೇನಲ್ಲ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿದ್ದ, ಅವರು ಒಂದು ದಿನ ಹಾರ ಹಾಕಿ ಮನೆಗೆ ಕಳಿಸಿದ್ರು, ಮನೇಲಿ ಎರಡು ವರ್ಷ ಕೂತು ಹೆಂಡ್ತಿ ಬೈಗುಳ ಕೇಳಿದ. ಆಮೇಲೆ ಈ ಕೆಲಸ. ಕಡೂರಲ್ಲಿ ಹಾರ್ಡ್‌ವೇರ್ ಅಂಗಡಿ ಮೇಲೊಂದು ರೂಮು, ಎರಡು ಸ್ಕ್ರೀನು, ಒಂದು ಫ್ಯಾನು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ನಲವತ್ತೊಂದು ಹಳ್ಳಿ ಡೈರೀಲಿ ಬಿಎಂಸಿ ಇದೆ, ಅಂದ್ರೆ ಊರಿನ ಹಾಲೆಲ್ಲ ಸುರಿದು ತಂಪಾಗಿ ಇಡೋ ಸ್ಟೀಲ್ ಟ್ಯಾಂಕು. ಪ್ರತಿ ಟ್ಯಾಂಕಿಗೂ ಒಂದು ಪೆಟ್ಟಿಗೆ, ಪೆಟ್ಟಿಗೆ ಒಳಗೊಂದು ಸಿಮ್ಮು. ಕಡೂರಿನ ಕಂಪ್ಯೂಟರ್ ಐದು ನಿಮಿಷಕ್ಕೊಂದು ಸಲ ನಲವತ್ತೊಂದು ಪೆಟ್ಟಿಗೆಗಳನ್ನೂ ಕೇಳುತ್ತೆ. ಉತ್ತರ ಸರಿ ಬಂದ್ರೆ ಹಸಿರು. ಇಲ್ಲಾಂದ್ರೆ ಹಳದಿ, ಕೆಂಪು, ಆಮೇಲೆ ಇವನ ಫೋನಿಗೆ ಮೆಸೇಜು. ಮೆಸೇಜ್ ಬಂದ್ರೆ ಇವನು ಮೆಕ್ಯಾನಿಕ್ ಭೈರೇಶಂಗೆ ಫೋನ್ ಮಾಡಿ ಬೈದು ಕಳಿಸಬೇಕು. ಇಷ್ಟೇ.

ಏನು ಕೇಳಬೇಕು ಅನ್ನೋದನ್ನ ಮಾತ್ರ ಮನುಷ್ಯ ಬರೆದು ಕೊಡಬೇಕು. ಅದನ್ನ ಕಲಿಸಿದವಳು ಸುಮನಾ, ತರೀಕೆರೆ ಹುಡುಗಿ, ಕಂಪನಿ ಇಂಜಿನಿಯರು, ಇವನ ಅರ್ಧ ವಯಸ್ಸು. ಅವಳು ಇವನನ್ನ ಸರ್ ಅಂತಾಳೆ, ಇವನು ಅವಳನ್ನ ಮೇಡಂ ಅಂತಾನೆ, ಇಬ್ಬರಿಗೂ ಮುಜುಗರ. "ನೋಡಿ ಸರ್, ಇದೀಯಾ ಅಂತ ಕೇಳೋದು ಒಂದು ಚೆಕ್ಕು. ಇದಕ್ಕೆ ಪಿಂಗ್ ಅಂತೀವಿ. ಏನ್ ಮಾಡ್ತಿದೀಯಾ, ಹೇಗಿದೀಯಾ ಅಂತ ಕೇಳೋದು ಬೇರೆ ಚೆಕ್ಕು. ಪಿಂಗ್ ಬಂತು ಅಂತ ಎಲ್ಲ ಸರಿ ಇದೆ ಅಂದ್ಕೋಬಾರದು." ಇವನು ನೋಟ್‌ಬುಕ್ಕಲ್ಲಿ ಬರ್ಕೊಂಡ. ಪ್ರತಿ ಟ್ಯಾಂಕಿಗೆ ಮೂರು ಪ್ರಶ್ನೆ. ಪೆಟ್ಟಿಗೆ ಇದೆಯಾ, ಕರೆಂಟಿನ ಮೂರೂ ಫೇಸ್ ಇದೆಯಾ, ಹಾಲು ಎಷ್ಟು ಡಿಗ್ರಿ ಇದೆ. ಮೂರು ಪ್ರಶ್ನೆಗೆ ಮೂರು ಸಾಲು. "ಪೆಟ್ಟಿಗೆ ತಾನಾಗಿ ಏನನ್ನೂ ಬರೆದಿಟ್ಕೊಳ್ಳಲ್ಲ ಸರ್, ನಾವು ಕೇಳಿದ್ರೆ ಮಾತ್ರ ಹೇಳುತ್ತೆ." ಅದನ್ನೂ ಬರ್ಕೊಂಡ, ಕೆಳಗೆ ಗೆರೆ ಎಳೆದ. ಗೆರೆ ಎಳೆಯೋದ್ರಲ್ಲಿ ಇವನನ್ನ ಮೀರಿಸೋರಿಲ್ಲ.

ಬಸ್ ಬೀರೂರಲ್ಲಿ ನಿಂತು ಕಡ್ಲೆಕಾಯಿ ಮಾರೋನು ಹತ್ತಿ ಇಳಿದ. ಪಕ್ಕದಲ್ಲಿ ಕೂತಿದ್ದೋನು ಫೋನಲ್ಲಿ ಯಾರಿಗೋ "ಬಂದೆ, ಬಂದೆ, ಇಲ್ಲೇ ಇದೀನಿ" ಅಂತ ಸುಳ್ಳು ಹೇಳ್ತಿದ್ದ, ಅವನ ಊರಿನ್ನೂ ಮುಕ್ಕಾಲು ಗಂಟೆ ದೂರ. ಇದೀನಿ. ಎಕ್ಸ್‌ಚೇಂಜಲ್ಲಿ ಟೆಸ್ಟ್ ಡೆಸ್ಕ್ ಅಂತ ಒಂದಿತ್ತು. ಬೆಳಿಗ್ಗೆ ಎಂಟಕ್ಕೆ ಹಳ್ಳಿ ಹಳ್ಳಿ ಪಬ್ಲಿಕ್ ಫೋನಿಗೆ ಇವನು ರಿಂಗ್ ಕೊಡಬೇಕು, ಆ ಕಡೆಯವರು ಎತ್ತಿ ಮಾತಾಡಬೇಕು, ರಿಜಿಸ್ಟರಲ್ಲಿ ಓಕೆ ಅಂತ ಬರೀಬೇಕು. ಅಂತರಘಟ್ಟೇಲಿ ಫೋನ್ ಇದ್ದಿದ್ದು ಬೀರಯ್ಯನ ಅಂಗಡೀಲಿ. ಬೀರಯ್ಯ ಫೋನ್ ಎತ್ತಿದ್ರೆ ಬಿಡೋನಲ್ಲ. "ಇದೀನಿ ಸ್ವಾಮಿ, ಮಳೆ ಇಲ್ಲ, ಬಿಸಿಲಿದೆ, ನಿಮ್ಮ ಕಡೆ ಹೆಂಗೆ, ಈರುಳ್ಳಿ ಏನು ರೇಟು." ಒಂದು ಬೆಳಿಗ್ಗೆ ಎತ್ತಿ "ಇದೀನಿ" ಅಂತ ಮಾತ್ರ ಅಂದ. ಮುಂದೆ ಏನೂ ಇಲ್ಲ. ಉಸಿರು ಕೇಳಿಸ್ತಿತ್ತು, ಲೈನ್ ಚೆನ್ನಾಗಿತ್ತು. ಇವನು ಪೀಡೆ ತಪ್ಪಿತು ಅಂತ ಇಟ್ಟ, ಓಕೆ ಅಂತ ಬರೆದ. ಹಿಂದಿನ ರಾತ್ರಿ ಬೀರಯ್ಯನ ಹೆಂಡ್ತಿ ತೀರಿಕೊಂಡಿದ್ಲು, ಒಳಗೆ ಹೆಣ ಇಟ್ಕೊಂಡು ಬಂದು ಫೋನ್ ಎತ್ತಿದ್ದ, ಸರ್ಕಾರದ ಫೋನು, ಎತ್ತದಿದ್ರೆ ತಪ್ಪಾಗುತ್ತೆ ಅಂತ. ವಾರ ಬಿಟ್ಟು ಗೊತ್ತಾಯ್ತು. ಬೀರಯ್ಯನೇ ಹೇಳಿದ, ಬೇಜಾರಿಲ್ಲದೆ. "ನೀವು ಹೆಂಗಿದೀಯಾ ಅಂತ ಕೇಳಿದ್ರೆ ಹೇಳ್ತಿದ್ದೆ ಸ್ವಾಮಿ." ಇಪ್ಪತ್ತೈದು ವರ್ಷ ಆಯ್ತೇನೋ. ಈ ನಾಲ್ಕು ದಿನ ಬಿಟ್ರೆ ನೆನಪೇ ಬಂದಿರ್ಲಿಲ್ಲ.

ಹಾಲು ಕರೆದಾಗ ಬಿಸಿ ಇರುತ್ತೆ. ಇದು ಮಕ್ಕಳಿಗೂ ಗೊತ್ತು, ಸಾಫ್ಟ್‌ವೇರ್ ಬರೆದವರಿಗೆ ಗೊತ್ತಿರ್ಲಿಲ್ಲ. ಸಂಜೆ ಆರಕ್ಕೆ ಜನ ಕ್ಯಾನ್ ತಂದು ಸುರಿಯೋಕೆ ಶುರು ಮಾಡ್ತಾರೆ, ಟ್ಯಾಂಕ್ ಇಪ್ಪತ್ತು ಡಿಗ್ರಿ ದಾಟುತ್ತೆ, ಕಂಪ್ಯೂಟರ್ ಬಾಯಿ ಬಡ್ಕೊಳ್ಳುತ್ತೆ. ನಲವತ್ತೊಂದು ಊರು, ದಿನಕ್ಕೆ ಎರಡು ಹೊತ್ತು. ಫೋನು ಊಟದ ತಟ್ಟೆ ಪಕ್ಕ ಕುಣೀತಿತ್ತು. ವಿಮಲಮ್ಮ ಒಂದಿನ ಅದನ್ನ ಎತ್ತಿ ಅಕ್ಕಿ ಡಬ್ಬದೊಳಗೆ ಇಟ್ಲು. "ಎರಡು ಗಂಟೆ ಹೊತ್ತು ಸುಮ್ಮನಿರು, ಆಮೇಲೂ ಬಿಸಿ ಇದ್ರೆ ಹೇಳು ಅಂತ ಬರೀಬೇಕು ಸರ್," ಅಂದ್ಲು ಸುಮನಾ. "ಒಂದೊಂದು ಊರಿಗೂ ಹಾಲು ಹಾಕೋ ಟೈಮ್ ಬೇರೆ ಇರುತ್ತಲ್ಲ, ಕೇಳಿ ಬರೀರಿ." ಕೇಳಿದ. ಚೌಳಹಿರಿಯೂರು ಕಡೆಯವರು ಆರೂಕಾಲು ಅಂದ್ರು, ಆಮೇಲೆ ದೀಪ ಹಚ್ಚೋ ಹೊತ್ತು ಅಂದ್ರು, ಆಮೇಲೆ "ಎಮ್ಮೆ ಕೊಟ್ಟಾಗ ಕಣ್ರೀ" ಅಂದ್ರು. ಒಂದೊಂದು ಊರಿಗೆ ನಾಲ್ಕು ಸಲ ಫೋನು. ಇಪ್ಪತ್ಮೂರು ಊರು ಮುಗಿಸಿದ. ಅಜ್ಜಂಪುರದ ಕಡೆ ಹದಿನೆಂಟು ಉಳಿದಿತ್ತು, ಕಣ್ಣು ಉರೀತಿತ್ತು, ಸೊಂಟ ಹಿಡಿದಿತ್ತು. ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿದ್ರೆ ಕಂಪ್ಯೂಟರ್ ಆ ಸಾಲನ್ನ ಓದಲ್ಲ, ಹಾರಿಸ್ಕೊಂಡು ಹೋಗುತ್ತೆ. ಸಾಲು ಅಲ್ಲೇ ಇರುತ್ತೆ, ಅಳಿಸಿದ್ದಲ್ಲ, ಯಾವಾಗ ಬೇಕಾದ್ರೂ ತೆಗೀಬಹುದು. ಆ ಹದಿನೆಂಟು ಊರಿನ ಡಿಗ್ರಿ ಸಾಲಿಗೆ ಹ್ಯಾಶ್ ಹಾಕಿದ. ಫೇಸಿನ ಸಾಲೂ ಲೈನ್‌ಮ್ಯಾನ್‌ಗಳ ಕಾಟಕ್ಕೆ ದಿನಾ ಕೂಗ್ತಿತ್ತು, ಅದಕ್ಕೂ ಹಾಕಿದ. ಸೋಮವಾರ ಸರಿ ಮಾಡೋಣ ಅಂತ. ಅವತ್ತು ಸಂಜೆ ಫೋನ್ ಸುಮ್ಮನಾಯ್ತು. ಎಷ್ಟೋ ತಿಂಗಳ ಮೇಲೆ ಮುದ್ದೆ ಬಿಸಿ ಇರೋವಾಗಲೇ ಉಂಡ. ಸುಮನಾ ಫೋನ್ ಮಾಡಿ "ಸೂಪರ್ ಸರ್, ಫಾಲ್ಸ್ ಅಲಾರ್ಮ್ ಎಲ್ಲ ನಿಂತೋಯ್ತು" ಅಂದ್ಲು. ಇವನು ಹೂಂ ಅಂದ. ಎಷ್ಟು ಸೋಮವಾರ ಬಂತು, ಎಷ್ಟು ಹೋಯ್ತು. ಐದು ತಿಂಗಳು ಹದಿನೆಂಟು ಊರಿನ ಪೆಟ್ಟಿಗೆಗಳನ್ನ ಕಂಪ್ಯೂಟರ್ ಒಂದೇ ಪ್ರಶ್ನೆ ಕೇಳ್ತು, ಇದೀಯಾ. ಅವು ಇದೀನಿ ಅಂದ್ವು. ಎಲ್ಲ ಹಸಿರು.

ಫೋನ್ ಹೊಡೀತು. ಸುಮನಾನೇ.

"ಸರ್, ಹೊರಟ್ರಾ? ತಿಂಡಿ ಆಯ್ತಾ?"

"ಆಯ್ತು ಮೇಡಂ."

"ರಿಪೋರ್ಟ್ ಓದಿ ಕೊಟ್ಟು ಬಂದ್ಬಿಡಿ ಸರ್, ಅಷ್ಟೇ. ಅವರ ಜಗಳಕ್ಕೆ ಹೋಗ್ಬೇಡಿ. ನಮ್ಮ ಸಿಸ್ಟಂ ಸರಿ ಇತ್ತು, ಮುಗೀತು."

"ಹೂಂ."

"ಪಾಪ ಆ ಸೆಕ್ರೆಟ್ರಿ. ಏನ್ ಮಾಡೋಕಾಗುತ್ತೆ, ಅಲ್ವಾ?"

"ಹೂಂ ಮೇಡಂ."

ಹೂಂ. ವಿಮಲಮ್ಮ ಹೇಳೋದು ಇದನ್ನೇ. ನಿಮ್ಮ ಜೊತೆ ಸಂಸಾರ ಮಾಡೋದೂ ಒಂದೇ ಬಾವಿಗೆ ಕೂಗೋದೂ ಒಂದೇ, ಹೂಂ ಅಂತ ವಾಪಸ್ ಬರುತ್ತೆ, ಒಳಗೆ ಯಾರೂ ಇಲ್ಲ.

ಅಜ್ಜಂಪುರದಲ್ಲಿ ಇಳಿದು ಬುಕ್ಕಾಂಬುಧಿ ಬಸ್ಸಿಗೆ ಕಾದ. ಶಂಕರಮ್ಮಂದು ಬುಕ್ಕಾಂಬುಧಿ ಕೆರೆ ಆಚೆ ಸಣ್ಣ ಊರು, ಕಂಪ್ಯೂಟರಲ್ಲಿ ಅದಕ್ಕೆ ಹೆಸರಿಲ್ಲ, ಬುಕ್ಕಾಂಬುಧಿ ಎರಡು. ಸಾಫ್ಟ್‌ವೇರ್ ಬರೋ ಮುಂಚೆ ಎಲ್ಲ ಊರಿನ ಸೆಕ್ರೆಟ್ರಿಗಳೂ ಇವನಿಗೆ ಮಿಸ್ ಕಾಲ್ ಕೊಡ್ತಿದ್ರು. ಇವನೇ ಮಾಡಿದ ಪದ್ಧತಿ. ಸಂಜೆ ಹಾಲು ತುಂಬಿ ಮುಚ್ಚಳ ಹಾಕಿ ತಂಪು ಮಾಡೋ ಕಂಪ್ರೆಸರ್ ಓಡೋಕೆ ಶುರುವಾದ ಮೇಲೆ ಒಂದು ರಿಂಗ್ ಕೊಟ್ಟು ಕಟ್ ಮಾಡಿದ್ರೆ ಎಲ್ಲ ಸರಿ ಅಂತ. ಮೇಲಿಂದ ಮೇಲೆ ಹೊಡೆದ್ರೆ ತೊಂದರೆ ಅಂತ. ಪೆಟ್ಟಿಗೆ ಬಂದ ಮೇಲೆ ಎಲ್ಲರಿಗೂ ಹೇಳಿದ, ಇನ್ಮೇಲೆ ಬೇಡ, ಮಿಷನ್ನೇ ಹೇಳುತ್ತೆ ಅಂತ. ನಲವತ್ತು ಜನ ನಿಲ್ಲಿಸಿದ್ರು. ಶಂಕರಮ್ಮ ನಿಲ್ಲಿಸ್ಲಿಲ್ಲ. ಏಳು ನಲವತ್ತೊಂದಕ್ಕೆ ಒಂದು ರಿಂಗು. "ಬೇಡ ಅಂದ್ನಲ್ಲಮ್ಮ." "ಇರ್ಲಿ ಬಿಡಿ ಸಾ, ನನಗೇನು ಭಾರವಾ. ಮಿಷನ್ ಹೇಳೋದು ಮಿಷನ್ ಹೇಳ್ಲಿ." ಇವನು ಅದೇ ಹೊತ್ತಿಗೆ ಊಟಕ್ಕೆ ಕೂರೋದು. ಒಂದಿನ ಕೈ ತೊಳ್ಕೊಂಡು ಫೋನ್ ತಗೊಂಡು ಅವಳ ಹೆಸರನ್ನ ತಿದ್ದಿದ. ಬುಕ್ಕಾಂಬುಧಿ ಶಂಕರಮ್ಮ ಅಂತ ಇದ್ದಿದ್ದನ್ನ ಬುಕ್ಕಾಂಬುಧಿ ಕಾಟ ಅಂತ ಮಾಡಿದ, ತನ್ನಷ್ಟಕ್ಕೆ ನಕ್ಕ. ಇನ್ನೊಂದು ವಾರಕ್ಕೆ ಆ ನಂಬರ್ ಬ್ಲಾಕ್ ಮಾಡಿದ. ಮಾಡಿ ಮರೆತ. ಮರೆತಿದ್ದು ಮಾತ್ರ ಸತ್ಯ.

ಕಳೆದ ಶನಿವಾರ ಆಗಿದ್ದು ಇಷ್ಟು. ಏಳೂವರೆ ದಾಟಿ, ಶಂಕರಮ್ಮ ದಿನದ ರಿಂಗ್ ಕೊಡೋ ಮುಂಚೆ, ಆ ಊರಲ್ಲಿ ಮೂರು ಫೇಸಲ್ಲಿ ಒಂದು ಹೋಯ್ತು. ಮೂರೂ ಇಲ್ಲದೆ ಓಡದ ಕಂಪ್ರೆಸರ್ ನಿಂತಿತು. ಮಿಕ್ಕ ಎರಡು ಫೇಸಲ್ಲಿ ಮನೆ ಲೈಟುಗಳು ಉರೀತಿದ್ವು, ಟಿವಿ ಓಡ್ತಿತ್ತು, ಜನರೇಟರು ಕರೆಂಟ್ ಇದೆ ಅಂದ್ಕೊಂಡು ಸುಮ್ಮನಿತ್ತು. ಶಂಕರಮ್ಮ ಕೈಯಲ್ಲಿ ಶುರು ಮಾಡೋಕೆ ನೋಡಿದ್ಲು, ಆಗ್ಲಿಲ್ಲ. ಗೋಣಿಚೀಲ ಒದ್ದೆ ಮಾಡಿ ಟ್ಯಾಂಕಿಗೆ ಹೊದಿಸಿದ್ಲು. ಬೆಳಗಿನ ಜಾವ ಹೋದ ಫೇಸ್ ತಾನಾಗಿ ಬಂತು, ಕಂಪ್ರೆಸರ್ ಓಡಿತು, ಟ್ಯಾಂಕರ್ ಬರೋ ಹೊತ್ತಿಗೆ ಮೀಟರಲ್ಲಿ ಐದು ಡಿಗ್ರಿ. ಟ್ಯಾಂಕರಿನವನು ಒಂದು ಗುಟುಕು ಕುದಿಸಿ ನೋಡಿದ, ಒಡೀತು. ತಣ್ಣಗಿರೋ ಹಾಲು ಒಡೀತು ಅಂದ್ರೆ ಟ್ಯಾಂಕ್ ಗಲೀಜು ಅಂತಲೇ ಲೆಕ್ಕ. ಸಾವಿರದ ಆರುನೂರು ಲೀಟರ್ ಹಾಲು ಚರಂಡಿಗೆ ಬಿಟ್ರು. ನಾಯಿಗಳು ಬಂದು ಮೂಸಿ ಹೋದವಂತೆ. ಹೆಂಗಸರು ಕೆನ್ನೆ ಕೆನ್ನೆ ಬಡ್ಕೊಂಡ್ರಂತೆ, ಹಾಲು ತುಳಿದ ಹಾಗೆ ಅಂತ. ಭಾನುವಾರ ಹಾಲು ಒಕ್ಕೂಟದ ಸೂಪರ್‌ವೈಸರ್ ಮಲ್ಲಿಕಾರ್ಜುನಯ್ಯ ಇವನಿಗೆ ಫೋನ್ ಮಾಡಿ ಕೇಳಿದ. ಆಯಮ್ಮ ನಿಮಗೆ ಫೋನ್ ಮೇಲೆ ಫೋನ್ ಮಾಡಿದೆ ಅಂತಾಳೆ, ಬಂದಿತ್ತಾ? ಇವನು ಪ್ರಾಮಾಣಿಕವಾಗಿ ಹೇಳಿದ, ಇಲ್ಲ ಸರ್, ನನ್ನ ಫೋನ್ ರಿಂಗೇ ಆಗಿಲ್ಲ. ಅವಳದ್ದು ಕೀಪ್ಯಾಡ್ ಫೋನು, ಹತ್ತು ನಂಬರ್ ಮೇಲೆ ನೆನಪಿಟ್ಕೊಳ್ಳಲ್ಲ. ಬೆಳಿಗ್ಗೆ ಊರವರಿಗೆಲ್ಲ ಫೋನ್ ಮಾಡೋವಾಗ ರಾತ್ರೀದು ಅಳಿಸಿಹೋಗಿತ್ತು.

ಅವತ್ತು ಮಧ್ಯಾಹ್ನವೇ ಇವನು ಹ್ಯಾಶ್‌ಗಳನ್ನ ತೆಗೆದ. ಐದು ತಿಂಗಳಲ್ಲಿ ಆಗದ ಕೆಲಸ ಒಂದು ಮಧ್ಯಾಹ್ನ ಆಯ್ತು, ಹದಿನೆಂಟು ಊರಿಗೂ ಫೋನ್ ಮಾಡಿ ಟೈಮ್ ಬರೆದ. ಹದಿನೇಳು. ಬುಕ್ಕಾಂಬುಧಿ ಎರಡಕ್ಕೆ ಫೋನ್ ಮಾಡೋ ಧೈರ್ಯ ಬರ್ಲಿಲ್ಲ, ಅಂದಾಜಲ್ಲಿ ಹಾಕಿದ. ಸೋಮವಾರ ರಿಪೋರ್ಟ್ ಕೇಳಿದ್ರು, ತೆಗೆದು ಸೈನ್ ಹಾಕಿದ. ಸೋಮವಾರ ಸಂಜೆ ಊಟಕ್ಕೆ ಕೂತಾಗ ಗೋಡೆ ಗಡಿಯಾರ ಏಳು ನಲವತ್ತೊಂದು ತೋರಿಸ್ತಿತ್ತು, ಫೋನ್ ಸುಮ್ಮನಿತ್ತು, ಆ ಸುಮ್ಮನಿರೋದ್ರಲ್ಲಿ ಏನೋ ಕಮ್ಮಿ ಅನ್ನಿಸಿ ತುತ್ತು ಕೈಯಲ್ಲೇ ನಿಂತಿತು. ಎಡಗೈಯಲ್ಲಿ ಫೋನ್ ಬಿಚ್ಚಿ ಬ್ಲಾಕ್ ಆಗಿದ್ದರ ಪಟ್ಟಿ ನೋಡಿದ. ಶನಿವಾರ ರಾತ್ರೀದು ಹದಿಮೂರು. ಮೊದಲನೇದು ಏಳು ನಲವತ್ತೇಳು.

ಈಗ ಸಾಕ್ಷಿ ಅಂತ ಇದ್ರೆ ಆ ಪಟ್ಟಿ, ಇವನ ಬಾಯಿ. ಪಟ್ಟೀನ ಒಂದು ಬೆರಳಲ್ಲಿ ಅಳಿಸಬಹುದು. ನಾಲ್ಕು ದಿನದಿಂದ ಆ ಬೆರಳು ಅಲ್ಲಿತನಕ ಹೋಗಿ ಬರ್ತಾ ಇದೆ. ಬುಕ್ಕಾಂಬುಧಿ ಬಸ್ಸಲ್ಲಿ ಕೆರೆ ಏರಿ ಕಾಣೋ ಹೊತ್ತಿಗೆ ಇನ್ನೊಂದು ಸಲ ಹೋಯ್ತು. ಬಸ್ ಗುಂಡೀಲಿ ಎಗರಿತು, ಬೆರಳು ಬೇರೆ ಎಲ್ಲೋ ತಾಗಿ ಯಾವುದೋ ಭಜನೆ ಜೋರಾಗಿ ಶುರುವಾಯ್ತು, ಮುಂದಿನ ಸೀಟಿನ ಮುದುಕಿ ತಿರುಗಿ ಕೈ ಮುಗಿದ್ಲು.

ಡೈರಿ ಮುಂದೆ ಶಾಮಿಯಾನ ಇರ್ಲಿಲ್ಲ, ಹೊಂಗೆ ಮರ ಇತ್ತು. ಮೂವತ್ತು ನಲವತ್ತು ಜನ. ಮಲ್ಲಿಕಾರ್ಜುನಯ್ಯ ಪ್ಲಾಸ್ಟಿಕ್ ಕುರ್ಚೀಲಿ, ಪಕ್ಕದಲ್ಲಿ ಡೈರಿ ಅಧ್ಯಕ್ಷ ತಿಮ್ಮರಾಯಪ್ಪ. ಶಂಕರಮ್ಮ ಬಾಗಿಲ ಹತ್ರ ನಿಂತಿದ್ಲು. ಇವನು ಅಳ್ತಿರ್ತಾಳೆ ಅಂದ್ಕೊಂಡು ಬಂದಿದ್ದ. ಅಳ್ತಿರ್ಲಿಲ್ಲ. ಟ್ಯಾಂಕ್ ಮುಚ್ಚಳ ತೆಗೆದು ಬಿಟ್ಟಿದ್ಲು, ಬೇಕಾದವರು ಬಂದು ಮೂಸಿ ನೋಡ್ಲಿ ಅಂತ. ಯಾರೂ ಒಳಗೆ ಹೋಗಿರ್ಲಿಲ್ಲ. ಇವನನ್ನ ನೋಡಿ "ಬನ್ನಿ ಸಾ, ಬಿಸಿಲಲ್ಲಿ ಬಂದ್ರಿ, ನೀರ್ ಕೊಡ್ಲಾ" ಅಂದ್ಲು. ಇವನು ಬೇಡ ಅಂದ, ಆಮೇಲೆ ಬಾಯಾರಿತು, ಕೇಳೋಕೆ ಆಗ್ಲಿಲ್ಲ.

"ಏನ್ ಸ್ವಾಮಿ, ಕಂಪ್ಯೂಟರ್ ಏನಂತದೆ?" ಅಂದ ತಿಮ್ಮರಾಯಪ್ಪ. "ಜೋರಾಗಿ ಓದ್ರಿ, ಹಿಂದಿನೋರಿಗೂ ಕೇಳ್ಲಿ."

ಓದಿದ. ಆರರಿಂದ ಆರರ ತನಕ ನೂರು ಪರ್ಸೆಂಟ್. ಜನ ತಲೆ ಆಡಿಸಿದ್ರು. ನೂರು ಅಂದ್ಮೇಲೆ ರಾತ್ರಿಯೆಲ್ಲ ಮಿಷನ್ ಓಡಿದೆ, ಮುಗೀತಲ್ಲ. ಯಾರೋ ಹಿಂದೆ "ನಮ್ ಹುಡುಗರಿಗೂ ಬರಲ್ಲ ಕಣೋ ಇಷ್ಟು" ಅಂದ, ಒಂದಿಬ್ಬರು ನಕ್ಕರು. ಮಲ್ಲಿಕಾರ್ಜುನಯ್ಯ ಕಾಗದಕ್ಕೆ ಕೈ ಚಾಚಿದ.

ಇವನು ಕೊಡ್ಲಿಲ್ಲ. ಯಾಕೆ ಅಂತ ಕೇಳಿದ್ರೆ ಧರ್ಮ ಕರ್ಮ ಏನೂ ಅಲ್ಲ. ಸುಸ್ತಾಗಿತ್ತು. ಕಾಗದ ಮಡಚೋದೂ ಬಿಚ್ಚೋದೂ ಸಾಕಾಗಿತ್ತು. "ಸರ್, ಈ ನೂರು ಹಾಲಿಂದಲ್ಲ," ಅಂದ. "ಪೆಟ್ಟಿಗೇದು. ಪೆಟ್ಟಿಗೆ ಇದೆಯಾ ಅಂತ ಕೇಳಿದ್ವಿ, ಇದೀನಿ ಅಂತು. ಹಾಲು ಎಷ್ಟು ಬಿಸಿ ಇದೆ ಅಂತ ಕೇಳೋ ಸಾಲನ್ನ ನಾನೇ ನಿಲ್ಲಿಸಿದ್ದೆ. ಅವತ್ತು ಯಾರೂ ಕೇಳಿಲ್ಲ."

ಮಲ್ಲಿಕಾರ್ಜುನಯ್ಯ ಕನ್ನಡಕ ತೆಗೆದ. "ಮೊನ್ನೆ ಸೈನ್ ಹಾಕಿದ್ದು ನೀವೇ ಅಲ್ವಾ?"

"ನಾನೇ."

"ಇವತ್ತು ಇಲ್ಲ ಅಂತೀರಿ."

"ಬಿಡ್ರಿ ಸಾರ್," ಅಂದ ತಿಮ್ಮರಾಯಪ್ಪ, "ಹೆಂಗಸು ನಿಂತಿರೋದು ನೋಡಿ ಕರಗಿಹೋದ್ರು ಸ್ವಾಮಿಗಳು. ಅಚ್ಚಾಗಿರೋ ಕಾಗದ ಒಂದು ಹೇಳುತ್ತೆ, ಇವರ ಬಾಯಿ ಒಂದು ಹೇಳುತ್ತೆ. ಕಂಪ್ಯೂಟರ್ ಸುಳ್ಳು ಹೇಳುತ್ತಾ ಸ್ವಾಮಿ?"

"ಇಲ್ಲ. ಕೇಳಿದ್ದಕ್ಕೆ ನಿಜಾನೇ ಹೇಳಿದೆ."

"ಮತ್ತೆ?"

ಹ್ಯಾಶ್ ಅಂದ್ರೆ ಇವರಿಗೆ ಏನು. ಇದ್ದೂ ಇಲ್ಲದ ಸಾಲು. ಜನ ಇವನ ವಿಭೂತಿ ನೋಡ್ತಿದ್ರು, ಸಂಬಂಧ ಹುಡುಕ್ತಿದ್ರು, ಇವನಿಗೂ ಆಯಮ್ಮಂಗೂ ಏನು ಅಂತ. ನಿಜ ಹೇಳಿದ್ರೂ ಕೆಲಸಕ್ಕೆ ಬರ್ಲಿಲ್ಲ, ಇನ್ನು ಹೋಗಬಹುದು, ಹೇಳಿದ್ದಂತೂ ಆಯ್ತಲ್ಲ ಅಂತ ಒಳಗೊಂದು ಧ್ವನಿ ಬಂತು. ಆ ಧ್ವನಿ ಪರಿಚಯದ್ದೇ. ರಿಜಿಸ್ಟರಲ್ಲಿ ಓಕೆ ಬರೀತಿದ್ದವನ ಧ್ವನಿ. ಜೇಬಿಂದ ಫೋನ್ ತೆಗೆದ, ಪಟ್ಟಿ ಬಿಚ್ಚಿ ಮಲ್ಲಿಕಾರ್ಜುನಯ್ಯನ ಮುಂದೆ ಹಿಡಿದ. "ಅವರು ಫೋನ್ ಮಾಡಿದ್ರು. ನಾನು ಅವರ ನಂಬರ್ ಬ್ಲಾಕ್ ಮಾಡಿದ್ದೆ. ಇಲ್ಲಿದೆ, ಹದಿಮೂರು ಸಲ."

ಮಲ್ಲಿಕಾರ್ಜುನಯ್ಯ ಕನ್ನಡಕ ಹಾಕ್ಕೊಂಡು ನೋಡಿದ. ತಿಮ್ಮರಾಯಪ್ಪ ಬಗ್ಗಿ ಫೋನನ್ನ ಕೈಗೇ ತಗೊಂಡ, ದೂರ ಹಿಡ್ಕೊಂಡು, ಕಣ್ಣು ಕಿರಿದು ಮಾಡಿ, ಓದೋದು ಬರುತ್ತೆ ಅಂತ ಊರ ಮುಂದೆ ತೋರಿಸೋರ ಹಾಗೆ ಜೋರಾಗಿ ಓದಿದ.

"ಬುಕ್ಕಾಂಬುಧಿ ಕಾಟ. ಏಳು ನಲವತ್ತೇಳು. ಬುಕ್ಕಾಂಬುಧಿ ಕಾಟ. ಏಳು ಐವತ್ತಾರು. ಬುಕ್ಕಾಂಬುಧಿ ಕಾಟ..." ಅಲ್ಲಿಗೆ ನಿಂತ. "ಯಾರ್ ಸ್ವಾಮಿ ಇದು ಕಾಟ?"

ಯಾರೂ ನಗಲಿಲ್ಲ. ನಕ್ಕಿದ್ರೆ ಚೆನ್ನಾಗಿತ್ತು. ಹೊಂಗೆ ಮರದಲ್ಲಿ ಯಾವುದೋ ಹಕ್ಕಿ ಕೂತು ಕಸ ಉದುರಿಸ್ತಿತ್ತು. ಶಂಕರಮ್ಮ ಬಾಗಿಲಿಂದ ಬಂದು ಫೋನನ್ನ ನೋಡಿದ್ಲು, ಅವಳಿಗೆ ಓದೋಕೆ ಕನ್ನಡಕ ಬೇಕು, ಕನ್ನಡಕ ಒಳಗಿತ್ತು, ಆದ್ರೂ ಸ್ವಲ್ಪ ಹೊತ್ತು ನೋಡಿದ್ಲು. "ಕೊನೇದು ಎಷ್ಟೊತ್ತಿಂದು ಮಾವ?" ಅಂತ ತಿಮ್ಮರಾಯಪ್ಪನ ಕೇಳಿದ್ಲು.

"ಬೆಳಿಗ್ಗೆ ನಾಲ್ಕು ಐವತ್ತು."

"ಅದು ಒಂದೇ ರಿಂಗು. ಕಂಪ್ರೆಸರ್ ಶುರುವಾಯ್ತಲ್ಲ ಆಗ. ಬಿಜಿ ಬಿಜಿ ಅಂತಿತ್ತು, ಪಾಪ ಎಷ್ಟು ಊರಿನ ತೊಂದರೆ ನೋಡ್ತಿದ್ದಾರೋ, ನಮ್ಮದು ಸರಿ ಆಯ್ತು ಅಂತಾನಾದ್ರೂ ಗೊತ್ತಾಗ್ಲಿ, ಗಾಬರಿ ಆಗೋದು ಬೇಡ ಅಂತ ಕೊಟ್ಟೆ." ಆಮೇಲೆ ತಿಮ್ಮರಾಯಪ್ಪನ ಕಡೆ ತಿರುಗಿ, ಅದೇ ಧ್ವನೀಲಿ, "ನಿಮ್ಮ ಮನೆ ಬಾಗಿಲಿಗೂ ಬಂದಿದ್ದೆ. ಲೈಟ್ ಉರೀತಾ ಇದೆಯಲ್ಲಮ್ಮ, ಹೋಗಿ ಮಲ್ಕೋ ಅಂದ್ರಿ" ಅಂದ್ಲು.

ತಿಮ್ಮರಾಯಪ್ಪ ಫೋನನ್ನ ಬಿಸಿ ಲೋಟ ಇಡೋ ಹಾಗೆ ಕುರ್ಚಿ ಮೇಲೆ ಇಟ್ಟ. ಮಲ್ಲಿಕಾರ್ಜುನಯ್ಯ ಕಾಗದದ ಹಿಂದೆ ಏನೋ ಬರೆದ, ಇವನ ಕೈಯಲ್ಲಿ ಇನ್ನೊಂದು ಸೈನ್ ಹಾಕಿಸಿದ, ಸೆಕ್ರೆಟ್ರಿ ತಪ್ಪಿಲ್ಲ ಅಂತ ಓದಿದ. ಜನ ಎದ್ದರು. ಹೋಗೋವಾಗ ಒಂದಿಬ್ಬರು ಹೆಂಗಸರು ಒಳಗೆ ಹೋಗಿ ಟ್ಯಾಂಕಿಗೆ ಮೂಗಿಟ್ಟು ನೋಡಿ ಬಂದ್ರು, ಈಗ ನೋಡಿದ್ರೆ ಪರವಾಗಿಲ್ಲ ಅನ್ನೋ ಹಾಗೆ. ಇವನು ಶಂಕರಮ್ಮಂಗೆ ತಪ್ಪಾಯ್ತು ಅನ್ನಬೇಕು ಅಂತ ನಿಂತಿದ್ದ. ಬಾಯಿಂದ ಬಂದಿದ್ದು ಬೇರೆ. "ನಿಮ್ಮೂರಲ್ಲಿ ಸಂಜೆ ಹಾಲು ಹಾಕೋದು ಎಷ್ಟೊತ್ತಿಂದ ಎಷ್ಟೊತ್ತಿಗಮ್ಮ? ಬರೀಬೇಕಿತ್ತು."

"ಆರೂಕಾಲಿಂದ ಏಳೂವರೆ ಸಾ," ಅಂದ್ಲು. ನೀರಿನ ಚೊಂಬು ಕೊಟ್ಲು, ಈ ಸಲ ಕೇಳ್ದೇನೇ. ಇವನು ಕುಡಿಯೋ ತನಕ ನಿಂತಿದ್ದು ಚೊಂಬು ವಾಪಸ್ ತಗೊಂಡು, "ಇನ್ಮೇಲೆ ನಿಮಗೆ ಕಾಟ ಇರಲ್ಲ" ಅಂದ್ಲು. ಚುಚ್ಚಿದ್ದಲ್ಲ. ನಿಜವಾಗಿ ಇವನಿಗೆ ಉಪಕಾರ ಆಗ್ಲಿ ಅಂತಲೇ ಹೇಳಿದ್ದು. ಚುಚ್ಚಿದ್ರೆ ಬಸ್ಸಲ್ಲಿ ಒಂದಿಷ್ಟು ನಿದ್ದೆ ಬರ್ತಿತ್ತು.

ಸುಮನಾಗೆ ಅವತ್ತೇ ಹೇಳಿದ. ಫೋನ್ ಕಟ್ ಆಯ್ತೇನೋ ಅಂತ ಇವನೇ "ಇದೀರಾ ಮೇಡಂ" ಅಂತ ಕೇಳಬೇಕಾಯ್ತು. "ಇದೀನಿ ಸರ್. ನನಗೆ ಮೊದಲೇ ಹೇಳ್ಬಾರದಿತ್ತಾ. ಒಂದು ದಿನ ಕೂತಿದ್ರೆ ಇಬ್ಬರೂ ಸೇರಿ ಮುಗಿಸ್ತಿದ್ವಿ." ಬೈದಿದ್ರೆ ಉತ್ತರ ಕೊಡಬಹುದಿತ್ತು. ತಿಂಗಳ ಕೊನೆ ತನಕ ಇರಿ, ಆಮೇಲೆ ಬರೋದು ಬೇಡ ಅಂತ ಕಂಪನಿಯಿಂದ ಮೆಸೇಜ್ ಬಂತು. ವಿಮಲಮ್ಮಂಗೆ ಹೇಳಿದ. ಅವಳು ಸೊಪ್ಪು ಬಿಡಿಸ್ತಾ ಹೂಂ ಅಂದ್ಲು.

ಮಾರನೇ ದಿನ ಶನಿವಾರ, ರೂಮಲ್ಲಿ ಒಬ್ಬನೇ ಕೂತು ಬುಕ್ಕಾಂಬುಧಿ ಎರಡರ ಫೈಲ್ ಬಿಚ್ಚಿದ. ಆರೂಕಾಲು, ಏಳೂವರೆ. ಅಂದಾಜಲ್ಲಿ ಹಾಕಿದ್ದನ್ನ ತಿದ್ದಿದ. ಆಮೇಲೆ ಅವಳ ನಂಬರಿನ ಬ್ಲಾಕ್ ತೆಗೆದ, ಹೆಸರನ್ನ ಶಂಕರಮ್ಮ ಅಂತ ಮಾಡಿದ. ಕೈ ಇನ್ನೂ ಕೀಬೋರ್ಡ್ ಮೇಲೆ ಇತ್ತು. ಸುಮನಾ ಹಿಂದೆ ಯಾವಾಗ್ಲೋ ಇನ್ನೊಂದು ಥರದ ಚೆಕ್ ತೋರಿಸಿದ್ಲು. ಕಂಪ್ಯೂಟರ್ ಯಾರನ್ನೂ ಕೇಳಲ್ಲ, ಸುಮ್ಮನೆ ಕಾಯುತ್ತೆ. ಆ ಕಡೆಯಿಂದ ಬರಬೇಕಾದ ಸುದ್ದಿ ಬಂತು ಅಂತ ಹೊತ್ತಿಗೆ ಸರಿಯಾಗಿ ಯಾರಾದ್ರೂ ಒತ್ತಬೇಕು, ಒತ್ತದಿದ್ರೆ ಕೆಂಪು. ಅವತ್ತು ಅದನ್ನೂ ನೋಟ್‌ಬುಕ್ಕಲ್ಲಿ ಬರ್ಕೊಂಡು ಗೆರೆ ಎಳೆದಿದ್ದ. ಹುಡುಕಿ ತೆಗೆದು, ನಾಲ್ಕನೇ ಸಾಲಾಗಿ ಬರೆದ. ಬುಕ್ಕಾಂಬುಧಿ ಎರಡು, ಮಿಸ್ ಕಾಲ್. ದಿನಾ ಸಂಜೆ ಏಳು ನಲವತ್ತೊಂದು. ನಾಲ್ಕು ನಿಮಿಷ ತಡ ಆದ್ರೆ ಪರವಾಗಿಲ್ಲ.

ಊಟಕ್ಕೆ ಮನೆಗೆ ಹೋಗ್ಲಿಲ್ಲ. ಕೆಳಗೆ ಅಂಗಡಿಯವನು ಶಟರ್ ಎಳೆದ. ಫೋನನ್ನ ಮೇಜಿನ ಮೇಲೆ ಮೇಲ್ಮುಖವಾಗಿ ಇಟ್ಕೊಂಡು ಕೂತ. ನಲವತ್ತೊಂದಾಯ್ತು. ನಲವತ್ತೆರಡಾಯ್ತು. ಫೋನಿಗೆ ಸಿಗ್ನಲ್ ಇದೆಯಾ ನೋಡಿದ, ನಾಲ್ಕೂ ಕಡ್ಡಿ ಇತ್ತು. ನಲವತ್ತೈದಕ್ಕೆ ಸ್ಕ್ರೀನಲ್ಲಿ ಹಸಿರು ಸಾಲುಗಳ ಮಧ್ಯೆ ಒಂದು ಕೆಂಪಾಯ್ತು. ಫೋನ್ ಹೊಡೀತು. ತಟಕ್ಕನೆ ಎತ್ಕೊಂಡ, ನೋಡಿದ್ರೆ ಸುಮನಾ.

"ಸರ್, ಬುಕ್ಕಾಂಬುಧಿ ಎರಡು ರೆಡ್ ಬರ್ತಿದೆ. ಗಾಬರಿಯಾಗಿ ಎಲ್ಲ ನೋಡ್ದೆ. ಕಂಪ್ರೆಸರ್ ಓಡ್ತಿದೆ, ಮೂರೂ ಫೇಸ್ ಇದೆ, ಹಾಲು ತಣ್ಣಗಾಗ್ತಿದೆ. ಯಾವುದೋ ಹೊಸ ಚೆಕ್ ಇದೆ, ನೀವು ಹಾಕಿದ್ರಾ?"

"ಹೂಂ ಮೇಡಂ, ನಾನೇ."

"ಅಲ್ಲೇನೂ ತೊಂದರೆ ಇಲ್ಲ ಸರ್. ಫಾಲ್ಸ್ ಅಲಾರ್ಮ್. ಇಲ್ಲಿಂದಲೇ ಒಂದು ಹ್ಯಾಶ್ ಹಾಕ್ಬಿಡ್ಲಾ?"

"ಬೇಡ ಮೇಡಂ," ಅಂದ. "ಅದೊಂದು ಸರಿಯಾಗಿದೆ."

ಫೋನ್ ಇಟ್ಟ. ಐದು ನಿಮಿಷಕ್ಕೆ ಕಂಪ್ಯೂಟರ್ ಇನ್ನೊಂದು ಸಲ ನೋಡ್ತು. ಕೆಂಪು. ಮತ್ತೈದು ನಿಮಿಷಕ್ಕೆ ಮತ್ತೊಂದು ಸಲ.